ಗಾಳ ಆರಿಸುವ ಭಾನುವಾರಗಳು

ಮೊನ್ನೆ ಹಿಂದೂಪುರದ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಊಟ ಮುಗಿಸಿ, ಕೌಂಟರಿನ ಮೇಲಿದ್ದ ಬಟ್ಟಲಿನಿಂದ ಒಂದು ಚಿಟಿಕೆ ಸೋಂಪು ತೆಗೆದು ಬಾಯಿಗೆ ಹಾಕಿಕೊಂಡೆ. ಕಲ್ಯಾಣದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಲ್ಲಿರುವ ನನ್ನ ತಂಗಿ ಪದ್ಮ ಫೋನಿನಲ್ಲಿ ಬಾ ಬಾ ಎಂದು ಕರೆದಿದ್ದಳು, ಹೊರಟಿದ್ದೆ. ಸೋಂಪನ್ನು ಕಚ್ಚಿದ್ದೇ ತಡ, ಎಷ್ಟೋ ವರ್ಷದಿಂದ ಮಲಗಿದ್ದ ಹೊಟ್ಟೆಕಿಚ್ಚೊಂದು ಎದ್ದು ಕೂತು ಮೈಮುರಿಯಿತು. ನಗಬೇಡಿ. ಊಟವಾದ ಮೇಲೆ ಸೋಂಪು ತಿಂದರೆ ಎಲ್ಲರ ಹೊಟ್ಟೆಯೂ ತಣ್ಣಗಾಗುತ್ತದಂತೆ. ನನ್ನದು ಉರಿಯುತ್ತದೆ.

ಯಾಕೆಂದರೆ ನಮ್ಮ ಮನೆಯಲ್ಲಿ ಸೋಂಪಿನ ವಾಸನೆ ಬರುತ್ತಿದ್ದದ್ದು ಅಡುಗೆಮನೆಯಿಂದಲ್ಲ, ಅಪ್ಪನ ಮೀನಿನ ಡಬ್ಬಿಯಿಂದ. ಅಪ್ಪನ ಸ್ನೇಹಿತರೊಬ್ಬರು ಹಡಗಿನಲ್ಲಿ ಕೆಲಸ ಮಾಡುತ್ತಿದ್ದರು. ರಜೆಗೆ ಬಂದಾಗಲೆಲ್ಲ ಬೇರೆಯವರಿಗೆ ಸೆಂಟು, ಟಾರ್ಚು ತಂದುಕೊಟ್ಟರೆ ನಮ್ಮ ಅಪ್ಪನಿಗೆ ಮಾತ್ರ ರಬ್ಬರಿನ ಹುಳುಗಳನ್ನು ತಂದುಕೊಡುತ್ತಿದ್ದರು. ಕಪ್ಪು, ಕೆಂಪು, ದ್ರಾಕ್ಷಿ ಬಣ್ಣದ ಮೆತ್ತನೆಯ ಹುಳು. ಬಾಲ ಸುರುಳಿ. ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಜೀವ ಬಂದ ಹಾಗೆ ಬಳುಕುತ್ತಿತ್ತು. ಮೀನಿಗೆ ಹಿಡಿಸಲಿ ಎಂದು ಕಂಪನಿಯವರು ಅದಕ್ಕೆ ಸೋಂಪಿನ ವಾಸನೆ ಬೆರೆಸುತ್ತಿದ್ದರು. ಪ್ಯಾಕೆಟ್ಟಿನ ಮೇಲೆ ಬಾಯಿ ತೆರೆದ ಬಾಸ್ ಮೀನಿನ ಚಿತ್ರ. ಬಾಸ್ ಎಂಬುದು ಅಮೆರಿಕದ ಮೀನು, ನಮ್ಮ ಸೀಮೆಯಲ್ಲಿ ಅದನ್ನು ಕಂಡವರಿಲ್ಲ. ಆದರೆ ಆ ಹುಳು ನಿನಗಲ್ಲ ಎಂದು ನಮ್ಮ ಕೆರೆಗಳ ಕೊರಮೀನಿಗೆ ಯಾರೂ ಹೇಳಿರಲಿಲ್ಲ. ಅದು ಬಂದು ಕಚ್ಚುತ್ತಿತ್ತು.

ಅಪ್ಪನದು ಬ್ಯಾಟರಿ ಅಂಗಡಿ. ಲಾರಿಗಳ ಸತ್ತ ಬ್ಯಾಟರಿಗಳು ಅಲ್ಲಿಗೆ ಬರುತ್ತಿದ್ದವು. ಅವುಗಳ ಹೊಟ್ಟೆಯಲ್ಲಿ ಸೀಸ. ಅಪ್ಪ ಆ ಸೀಸವನ್ನು ಕಬ್ಬಿಣದ ಸೌಟಿನಲ್ಲಿ ಕರಗಿಸಿ, ಬಳಪದ ಕಲ್ಲಿನಲ್ಲಿ ತಾನೇ ಕೊರೆದುಕೊಂಡ ಅಚ್ಚಿನಲ್ಲಿ ಗಾಳವನ್ನಿಟ್ಟು ಮೇಲಿಂದ ಹುಯ್ಯುತ್ತಿದ್ದರು. ಆರಿದ ಮೇಲೆ ಅಚ್ಚು ಬಿಡಿಸಿದರೆ ಗಾಳದ ಕತ್ತಿಗೆ ಒಂದು ಸೀಸದ ತಲೆ ಬಂದಿರುತ್ತಿತ್ತು. ಜಿಗ್ ಹೆಡ್ ಎಂದರೆ ಇಷ್ಟೇ. ತಲೆಯ ಭಾರಕ್ಕೆ ಅದು ಮುಳುಗಬೇಕು, ಗಾಳಕ್ಕೆ ಚುಚ್ಚಿದ ರಬ್ಬರಿನ ಹುಳು ಹಿಂದೆ ಬಾಲ ಆಡಿಸಿಕೊಂಡು ಹೋಗಬೇಕು. ಜಿಗ್ ಹೆಡ್ ಎಂಬ ಮಾತನ್ನು ಪ್ಯಾಕೆಟ್ಟಿನಿಂದ ಓದಿ ಮನೆಗೆ ತಂದವಳು ನಾನು. ಅಪ್ಪ ಅದನ್ನು ‘ತಲೆಗಾಳ’ ಎನ್ನುತ್ತಿದ್ದರು.

ನೋಡಲು ಸುಲಭ. ಆರಿಸುವುದು ಕಷ್ಟ. ಗಾಳಿ ಜೋರಾಗಿದ್ದರೆ ಭಾರದ ತಲೆ ಬೇಕು, ಇಲ್ಲದಿದ್ದರೆ ಎಸೆದದ್ದು ದಾರಿಯಲ್ಲೇ ಬೀಳುತ್ತದೆ. ನೀರು ಆಳವಿಲ್ಲದಿದ್ದರೆ ಹಗುರವಾದದ್ದು ಬೇಕು, ಹುಳು ನಿಧಾನವಾಗಿ ಇಳಿಯಬೇಕಲ್ಲ. ರಬ್ಬರು ದಪ್ಪವಾಗಿದ್ದರೆ ಗಾಳದ ಬಾಯಿ ಅಗಲವಿರಬೇಕು. ಕೊರಮೀನಿನ ದವಡೆ ಗಟ್ಟಿ, ಅದಕ್ಕೆ ದಪ್ಪ ತಂತಿಯ ಗಾಳವೇ ಬೇಕು. ಪಾಚಿ, ತಾವರೆ ತುಂಬಿದ ಕೆರೆಯಾದರೆ ಸೀಸದ ತಲೆಯೇ ಬೇಡ. ಬರಿಯ ಗಾಳ ಹಾಕಿ, ಅದರ ಮೊನೆಯನ್ನು ರಬ್ಬರಿನ ಮೈಯೊಳಗೆ ಹುದುಗಿಸಿಬಿಡಬೇಕು. ಆಗ ಅದು ಪಾಚಿಗೆ ಸಿಕ್ಕಿಕೊಳ್ಳದೆ ಎಲೆಗಳ ಮೇಲೆ ಜಾರಿಕೊಂಡು ಬರುತ್ತದೆ. ಮೀನು ಕಚ್ಚಿದಾಗ ಮಾತ್ರ ಮೊನೆ ಹೊರಗೆ ಬರುತ್ತದೆ. ನೋಡಿ, ಈಗಲೂ ಎಷ್ಟು ಸರಾಗವಾಗಿ ಹೇಳುತ್ತೇನೆ! ಆಗ ಗೊತ್ತಿದ್ದಿದ್ದರೆ ನನ್ನ ಬದುಕೇ ಬೇರೆ ಆಗುತ್ತಿತ್ತು.

ವಿಷಯ ಇದು. ನಾನು ಹಿರಿಯವಳು, ಪದ್ಮ ಕಿರಿಯವಳು. ಎಪ್ಪತ್ತರ ದಶಕದ ಮೊದಲಲ್ಲಿ ನಮ್ಮಿಬ್ಬರನ್ನೂ ಬೆಂಗಳೂರಿನ ಕಾನ್ವೆಂಟ್ ಹಾಸ್ಟೆಲಿಗೆ ಸೇರಿಸಬೇಕೆಂದು ಅಮ್ಮ ಹಟ ಹಿಡಿದರು. ಹೊರಡುವ ದಿನ ಪದ್ಮನಿಗೆ ಜ್ವರ ಬಂತು. ನಾನೊಬ್ಬಳೇ ಹೋದೆ. ಮುಂದಿನ ವರ್ಷ ಅವಳನ್ನು ಕಳಿಸುವ ಮಾತು ಬಂದಾಗ ಅವಳು ಬ್ಯಾಟರಿ ಅಂಗಡಿಯ ಕಂಬ ಹಿಡಿದುಕೊಂಡು ಬೀದಿಗೆಲ್ಲ ಕೇಳುವ ಹಾಗೆ ಅತ್ತಳಂತೆ. ಹಾಗಾಗಿ ನನಗೆ ಇಂಗ್ಲಿಷ್ ಸಿಕ್ಕಿತು, ಅವಳಿಗೆ ಅಪ್ಪ ಸಿಕ್ಕಿದರು. ಇದು ಫೇರ್ ಅಲ್ಲ ಎಂದು ಆಗಲೇ ನನಗೆ ಅನಿಸಿತ್ತು.

ರಜೆಗೆ ಬಂದಾಗ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ನಡೆಯುತ್ತಿತ್ತು. ಅಪ್ಪ ಅಮ್ಮನ ಮೊರವನ್ನು ಕೇಳದೆ ತಂದು ಗಾಳಗಳನ್ನೆಲ್ಲ ಅದರಲ್ಲಿ ಹರಡುತ್ತಿದ್ದರು. ‘ಇವತ್ತು ರೊದ್ದಂ ಕೆರೆ. ಗಾಳಿ ಐತೆ. ಆರಿಸ್ರಿ’ ಎನ್ನುತ್ತಿದ್ದರು. ನಾವಿಬ್ಬರೂ ಒಂದೊಂದು ಗಾಳ ಆರಿಸಬೇಕು. ಯಾರದು ಸರಿಯೋ ಅವಳು ಅಪ್ಪನ ಜೊತೆ ಕೆರೆಗೆ. ಸೈಕಲ್ಲಿಗೆ ಒಂದೇ ಕ್ಯಾರಿಯರು, ಹೋಗಲು ಒಬ್ಬಳಿಗೇ ಅವಕಾಶ. ಇನ್ನೊಬ್ಬಳು ಮನೆಯಲ್ಲಿ ಅಮ್ಮನ ಜೊತೆ ರಾಗಿ ಕೇರಬೇಕು, ಅದೇ ಮೊರದಲ್ಲಿ.

ಪದ್ಮ ಕಣ್ಣು ಮುಚ್ಚಿಕೊಂಡು ಆರಿಸುತ್ತಿದ್ದಳು. ನಿಜವಾಗಿಯೂ ಕಣ್ಣು ಮುಚ್ಚಿ, ಬೆರಳಲ್ಲಿ ಸವರಿ! ನನ್ನನ್ನು ಉರಿಸಲೆಂದೇ ಹಾಗೆ ಮಾಡುತ್ತಿದ್ದಳು. ನಾನು ಪ್ಯಾಕೆಟ್ಟಿನ ಹಿಂದಿನ ಇಂಗ್ಲಿಷನ್ನು ನಮ್ಮ ಸಿಸ್ಟರ್ ಕಲಿಸಿದ ಆಕ್ಸೆಂಟಿನಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಅಪ್ಪ ಕೈಕಟ್ಟಿಕೊಂಡು, ಜಡ್ಜಿನ ಮುಂದೆ ನಿಂತವರ ಹಾಗೆ ಕೇಳಿಸಿಕೊಂಡು, ‘ಭೇಷ್’ ಎನ್ನುತ್ತಿದ್ದರು. ಆಮೇಲೆ ಪದ್ಮ ಆರಿಸಿದ ಗಾಳವನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಸೈಕಲ್ಲು ಓಣಿಯ ತಿರುವು ದಾಟುವಾಗ ಅವಳು ಹಿಂದಕ್ಕೆ ತಿರುಗಿ ನಾಲಗೆ ತೋರಿಸುತ್ತಿದ್ದಳು. ಕಾನ್ವೆಂಟಿನಲ್ಲಿ ಕಲಿತ ಡಿಗ್ನಿಟಿಯಿಂದ ನಾನು ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದೆ. ಒಳಗೆ ಬಂದು ರಾಗಿಯನ್ನು ಎಷ್ಟು ಜೋರಾಗಿ ಕೇರುತ್ತಿದ್ದೆನೆಂದರೆ, ‘ಕಾಳು ಎಲ್ಲಾ ಬೀದಿಗೆ ಹೋಯ್ತೈತೆ ಕಣೇ’ ಎಂದು ಅಮ್ಮ ಕೈ ಹಿಡಿದು ನಿಲ್ಲಿಸುತ್ತಿದ್ದರು.

ಅವಳು ಹೋಗುತ್ತಾಳೆ ಎಂಬುದಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಸಂಜೆ ಅವರಿಬ್ಬರೂ ಹಿಂದಿರುಗುತ್ತಿದ್ದ ರೀತಿ ನನಗೆ ಸಹಿಸಲಾಗುತ್ತಿರಲಿಲ್ಲ. ಓಣಿಯ ಆ ಕಡೆಯಿಂದಲೇ ಜಗಳ ಕೇಳಿಸುತ್ತಿತ್ತು.

‘ಲೇ ಕೋತಿ, ಕೆರೆ ತುಂಬಾ ತಾವರೆ ಐತೆ, ಮೊನೆ ಒಳಕ್ಕೆ ತಳ್ಳು ಅಂತ ಬಡ್ಕೊಂಡ್ನಲ್ಲ! ಕಣ್ಣು ಎಲ್ಲಿ ಮಡಗಿದ್ದೆ?’

‘ತಳ್ಳಿದ್ದೆ! ನೀವು ಎಳ್ದಿದ್ದಕ್ಕೇ ಆಚಿಗ್ ಬಂತು!’

‘ನಾನ್ ಎಳುದ್ನಾ? ಕತ್ತೆ! ಒಂದು ರಬ್ಬರು ಹುಳ ಹೋಯ್ತು. ಮತ್ತೆ ಹಡಗು ಬರಾಗಂಟ ನಿನ್ ಜಡೆ ಕಟ್ಕಂಡ್ ಮೀನ್ ಹಿಡೀಲಾ?’

‘ಹಿಡೀರಿ! ನಿಮ್ ಕೈಗೆ ಜಡೆ ಆದ್ರೂ ಸಿಗ್ತದೋ ಇಲ್ವೋ!’

ಅಪ್ಪ ಗದರುತ್ತಿದ್ದರು, ಅವಳು ತಿರುಗಿ ಗದರುತ್ತಿದ್ದಳು. ಬಚ್ಚಲ ಕಲ್ಲಿನ ಹತ್ತಿರ ಮೀನಿನ ಹುರುಪೆ ಕೆರೆಯುತ್ತ ಇಬ್ಬರೂ ಅದೇ ಜಗಳವನ್ನು ಮುಂದುವರಿಸುತ್ತಿದ್ದರು. ಹಿತ್ತಲ ಒಲೆಯಲ್ಲಿ ಸಾರು ಕುದಿಯುವವರೆಗೂ ಅದು ಮುಗಿಯುತ್ತಿರಲಿಲ್ಲ. ಹರಿದ ರಬ್ಬರಿನ ಹುಳುವನ್ನು ಪದ್ಮ ಕಾದ ಸೂಜಿಯಿಂದ ಬೆಸೆದು ತೋರಿಸಿದರೆ ಅಪ್ಪ, ‘ಹ್ಞೂ, ಇದೊಂದು ಬತ್ತದೆ ನಿಂಗೆ’ ಎಂದು ಮತ್ತೆ ಬಯ್ಯುತ್ತಿದ್ದರು. ನಾನು ಹಜಾರದ ಕಂಬಕ್ಕೊರಗಿ ಇಂಗ್ಲಿಷ್ ಪುಸ್ತಕವೊಂದನ್ನು ತಲೆಕೆಳಗು ಹಿಡಿದು ಓದುತ್ತ ಕೂತಿರುತ್ತಿದ್ದೆ.

ನನ್ನನ್ನು ಅಪ್ಪ ಬಯ್ಯುತ್ತಿರಲಿಲ್ಲ. ಒಂದು ಸಲವೂ ಇಲ್ಲ.

ಇದು ಶುರುವಾದದ್ದು ಎಲ್ಲಿ ಎಂದು ನನಗೆ ಚೆನ್ನಾಗಿ ಗೊತ್ತು. ಹಾಸ್ಟೆಲಿನಿಂದ ಮೊದಲ ರಜೆಗೆ ಬಂದಾಗ ಅಪ್ಪ ನೀರಿನ ಲೋಟ ಕೊಟ್ಟರು, ನಾನು ‘ಥ್ಯಾಂಕ್ಯೂ’ ಎಂದೆ. ಸಿಸ್ಟರ್ ಹಾಗೆಯೇ ಹೇಳಿಕೊಟ್ಟಿದ್ದರು. ಅಪ್ಪ ಒಂದು ಕ್ಷಣ ನನ್ನನ್ನು ನೋಡಿ, ಸೀಸದ ಕರಿ ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು, ‘ಇರ್ಲಿ ಬಿಡಮ್ಮ’ ಎಂದರು. ಅಂದಿನಿಂದ ನಾನು ಅವರಿಗೆ ಅಮ್ಮಣ್ಣಿಯಾದೆ. ನನಗೆ ಒಳ್ಳೆಯ ತಟ್ಟೆ, ನನಗೆ ಮೊದಲ ದೋಸೆ. ತಪ್ಪು ಮಾಡಿದರೆ, ‘ಪೋನೀಲೆ ಅಮ್ಮಣ್ಣಿ.’ ಹೋಗಲಿ ಬಿಡು ಎನ್ನಲು ಅಪ್ಪ ಯಾವಾಗಲೂ ತೆಲುಗಿಗೇ ಹೋಗುತ್ತಿದ್ದರು. ದೊಡ್ಡ ಬ್ಯಾಟರಿಯೊಂದನ್ನು ಉರುಳಿಸಿ ಆಸಿಡ್ ಚೆಲ್ಲಿದಾಗಲೂ ನನಗೆ ಪೋನೀಲೆ. ಅದೇ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಬೀಳಿಸಿದ್ದಕ್ಕೆ ಪದ್ಮನಿಗೆ ಅರ್ಧ ಗಂಟೆಯ ಸಹಸ್ರನಾಮ. ನಿಮಗೆ ವಿಚಿತ್ರ ಅನಿಸಬಹುದು, ಬೈಗುಳಕ್ಕೆ ಯಾರಾದರೂ ಜೆಲಸ್ ಆಗುತ್ತಾರೆಯೇ ಎಂದು. ನಾನಾದೆ. ಒಂದು ಮನೆಯಲ್ಲಿ ಅತಿಥಿಯನ್ನು ಮಾತ್ರ ಯಾರೂ ಬಯ್ಯುವುದಿಲ್ಲ, ಅಲ್ಲವೇ?

ಒಂದು ಬೇಸಿಗೆ ರಜೆ. ಅಂದು ಸೋಮಂದೇಪಲ್ಲಿಯ ಹತ್ತಿರದ ಕೆರೆಗೆ ಹೋಗುವುದಿತ್ತು. ನಾನು ಮೊರದಿಂದ ಒಂದು ಗುಂಡುತಲೆಯ ಗಾಳ ಆರಿಸಿದೆ. ಹೊಸದಾಗಿ ಹುಯ್ದದ್ದು, ಮುತ್ತಿನ ಓಲೆಯ ಹಾಗೆ ಹೊಳೆಯುತ್ತಿತ್ತು. ಪದ್ಮ ತಲೆಯಿಲ್ಲದ ಅಗಲ ಬಾಯಿಯ ಗಾಳ ಎತ್ತಿಕೊಂಡಳು. ಅಪ್ಪ ಎರಡನ್ನೂ ನೋಡಿ, ನನ್ನನ್ನು ನೋಡಿ, ‘ಇವತ್ತು ಅಮ್ಮಣ್ಣಿದೇ ಸರಿ’ ಎಂದರು.

‘ಅಪ್ಪಾ!’ ಪದ್ಮ ಎದ್ದು ನಿಂತಳು. ‘ಆ ಕೆರೆ ತುಂಬಾ ಪಾಚಿ! ಅದನ್ನ ಎಸುದ್ರೆ ಕೆರೇನೇ ಎಳ್ಕೊಂಡ್ ಬತ್ತೈತೆ!’

‘ಸುಮ್ಕಿರೇ ಕೋತಿ. ಅವ್ಳು ರಜಕ್ಕೆ ಬಂದವ್ಳೆ.’

ಕ್ಯಾರಿಯರಿನ ಮೇಲೆ ಕೂತು ಹೊರಟೆ. ಹಾಲಿನ ಪುಡಿಯ ಡಬ್ಬಿಗೆ ಸುತ್ತಿದ ನೈಲಾನ್ ದಾರ ನನ್ನ ಮಡಿಲಲ್ಲಿತ್ತು. ಅಪ್ಪ ಕೋಲು ಹಿಡಿದವರಲ್ಲ, ಡಬ್ಬಿಯಿಂದಲೇ ದಾರ ಬೀಸಿ ಎಸೆಯುತ್ತಿದ್ದರು. ಕೆರೆಯ ಏರಿಯ ಮೇಲೆ ಕೂತ ಸ್ವಲ್ಪ ಹೊತ್ತಿಗೆ, ‘ಅಮ್ಮಣ್ಣಿ, ಆ ಜಾಲಿ ಮರದಾಗೆ ಗೀಜಗನ ಗೂಡು ಐತೆ, ನೋಡ್ಕಂಡ್ ಬಾ’ ಎಂದರು. ಓಡಿಹೋಗಿ ನೋಡಿಬಂದೆ. ಬಂದು ನೋಡಿದರೆ ದಾರದ ತುದಿಯಲ್ಲಿ ನನ್ನ ಗುಂಡುತಲೆ ಇರಲಿಲ್ಲ, ಪದ್ಮ ಆರಿಸಿದ್ದ ಗಾಳವಿತ್ತು. ನನ್ನದು ಅಪ್ಪನ ಅಂಗಿಯ ಜೇಬಿನಲ್ಲಿ ಸಣ್ಣ ಗಂಟಿನ ಹಾಗೆ ಉಬ್ಬಿ ಕಾಣುತ್ತಿತ್ತು.

ಅಂದು ಒಳ್ಳೆಯ ಕೊರಮೀನು ಬಿತ್ತು. ಮನೆಗೆ ಬಂದು ಅಪ್ಪ ಎಲ್ಲರಿಗೂ ಕೇಳಿಸುವಂತೆ, ‘ಅಮ್ಮಣ್ಣಿ ಆರ್ಸಿದ್ ಗಾಳಕ್ಕೇ ಬಿದ್ದಿದ್ದು’ ಎಂದರು. ಮೀನನ್ನು ಬಚ್ಚಲ ಕಲ್ಲಿಗೆ ಒಯ್ದವಳು ಪದ್ಮ. ಅದರ ದವಡೆಯಿಂದ ಗಾಳ ಬಿಡಿಸುತ್ತ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಏನನ್ನೂ ಮುಚ್ಚಿಟ್ಟುಕೊಳ್ಳಲು ಬಾರದ ಹುಡುಗಿ ಅಂದು ಒಂದು ಮಾತೂ ಆಡಲಿಲ್ಲ. ಗಾಳ ತೊಳೆದು ಒಣಗಲು ಇಟ್ಟಳು, ಅಷ್ಟೇ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಅವಳೂ ನನ್ನನ್ನು ಪೋನೀಲೆ ಎಂದು ಬಿಟ್ಟಳಲ್ಲ, ಅದು ಆ ಗಾಳಕ್ಕಿಂತ ಆಳವಾಗಿ ಹೊಕ್ಕಿತು.

ವರ್ಷಗಳಾದವು. ಪದ್ಮನನ್ನು ಕಲ್ಯಾಣದುರ್ಗಕ್ಕೆ ಕೊಟ್ಟರು. ಅವಳ ಗಂಡನಿಗೆ ಕಡಲೆಕಾಯಿ ಮಿಲ್ಲು. ನಾನು ಓದು ಮುಗಿಸಿ ಹಿಂದೂಪುರದ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರಾದೆ, ಊರಿನಲ್ಲೇ ಮದುವೆಯಾದೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಅಂಗಡಿ ಮುಚ್ಚಿ ನನ್ನ ಮನೆಗೆ ಬಂದರು. ಈಗ ಅಪ್ಪ ನನ್ನವರು ಎಂದುಕೊಂಡೆ. ನಮ್ಮ ಯಜಮಾನರು ಬ್ಯಾಂಕಿನವರು, ಮೀನಿನ ವಾಸನೆ ಬಂದರೆ ಮಾತಾಡದೆ ಎದ್ದು ಕಿಟಕಿ ತೆಗೆಯುವ ಜಾತಿ. ಆದರೂ ಅಪ್ಪನಿಗೆ ಹಿತ್ತಲ ಕೋಣೆಯನ್ನು ಖಾಲಿ ಮಾಡಿಸಿ, ಬಳಪದ ಕಲ್ಲಿನ ಅಚ್ಚುಗಳನ್ನಿಡಲು ಶೆಲ್ಫ್ ಹಾಕಿಸಿದೆ. ಅಪ್ಪ ಆ ಮನೆಯಲ್ಲಿ ಹೇಗಿದ್ದರು ಗೊತ್ತೇ? ‘ಅಮ್ಮಣ್ಣಿ, ಒಂದಿಷ್ಟು ಕಾಫಿ ಆಗ್ತದಾ? ಇಲ್ದಿದ್ರೆ ಬ್ಯಾಡ ಕಣಮ್ಮ.’ ಅಷ್ಟು ಪೊಲೈಟು.

ತಿಂಗಳಿಗೊಂದು ಶನಿವಾರ ಮಾತ್ರ ಅವರ ನಡೆಯೇ ಬದಲಾಗುತ್ತಿತ್ತು. ತಲೆಗೆ ಎಣ್ಣೆ, ಇಸ್ತ್ರಿ ಅಂಗಿ, ಬ್ಯಾಗಿನಲ್ಲಿ ಗಾಳದ ಡಬ್ಬಿ. ‘ಪದ್ಮನ ಮನೆಗೆ ಹೋಯ್ತೀನಿ ಕಣಮ್ಮ, ಸೋಮವಾರ ಬತ್ತೀನಿ.’ ರೊದ್ದಂ ಮೇಲೆ ಹೋಗುವ ಬಸ್ಸು ಹಿಡಿದು ಹೊರಟುಬಿಡುತ್ತಿದ್ದರು. ಪದ್ಮನ ಊರಿನಿಂದ ಭೈರವಾನಿತಿಪ್ಪ ಡ್ಯಾಮು ದೂರವಲ್ಲ. ನಾನು ಕಾಂಪೋಸಿಷನ್ ತಿದ್ದುತ್ತ ಕೂತು, ಈಗ ಡ್ಯಾಮಿನ ಕಲ್ಲಿನ ಮೇಲೆ ಇಬ್ಬರೂ ಕೂತಿರುತ್ತಾರೆ, ಈಗ ಅಪ್ಪ ಲೇ ಕೋತಿ ಎನ್ನುತ್ತಿರುತ್ತಾರೆ, ಈಗ ಅವಳು ತಿರುಗಿ ಹೇಳುತ್ತಿರುತ್ತಾಳೆ ಎಂದುಕೊಂಡು ಪಾಪದ ಮಕ್ಕಳ ಸ್ಪೆಲಿಂಗಿನ ಮೇಲೆ ಕೆಂಪು ಇಂಕನ್ನು ಒತ್ತಿ ಒತ್ತಿ ಎಳೆಯುತ್ತಿದ್ದೆ.

ತೊಂಬತ್ತರ ದಶಕದ ಒಂದು ಕ್ರಿಸ್‌ಮಸ್ ರಜೆಯಲ್ಲಿ, ‘ನಾನೂ ಬರ್ತೀನಪ್ಪ’ ಎಂದೆ. ಅಪ್ಪನಿಗೆ ಆಶ್ಚರ್ಯವಾಯಿತು. ‘ನಿಂಗ್ಯಾಕಮ್ಮ, ಬಿಸಿಲು’ ಎಂದರು. ಹೋದೆ. ಪದ್ಮನ ಮನೆಯಲ್ಲಿ ಅಪ್ಪ ಕುರ್ಚಿಯ ತುದಿಯಲ್ಲಿ ಕೂತು ಕಾಫಿ ಕುಡಿದದ್ದು, ಅವಳು ಹೇಳಿದ್ದಕ್ಕೆಲ್ಲ ಆಗಲಿ ಎಂದದ್ದು ಕಣ್ಣಿಗೆ ಬಿತ್ತು. ಆದರೆ ಮನಸ್ಸಿಗೆ ಬೀಳಲಿಲ್ಲ. ನಾನು ನೋಡಲು ಬಂದದ್ದು ಬೇರೆ, ಅದಕ್ಕೇ ಕಾಯುತ್ತಿದ್ದೆ.

ಭಾನುವಾರ ಬೆಳಿಗ್ಗೆ ಪದ್ಮನೇ ಮೊರ ತಂದಳು. ‘ಡ್ಯಾಮು. ಆಳ ನೀರು. ಬಾಳೆಮೀನು ಓಡಾಡ್ತವಂತೆ. ಆರಿಸ್ರಿ’ ಎಂದರು ಅಪ್ಪ. ನಾವಿಬ್ಬರೂ ಮಕ್ಕಳ ತಾಯಂದಿರು, ಆದರೂ ಮೊರದ ಮೇಲೆ ಬಗ್ಗಿದೆವು. ಬಾಳೆಮೀನೆಂದರೆ ಚಪ್ಪಟೆಯಾದ ಉದ್ದನೆಯ ಮೀನು, ಅಗಲ ಬಾಯಿ, ಆಳಿನ ತೋಳಷ್ಟು ಉದ್ದ ಬೆಳೆಯುತ್ತದೆ. ಪದ್ಮ ಭಾರದ ತಲೆಯ, ದಪ್ಪ ತಂತಿಯ ಗಾಳ ಎತ್ತಿದಳು. ನಾನು ಹಗುರದ್ದೊಂದನ್ನು ಎತ್ತಿದೆ. ಬೆಳಿಗ್ಗೆ ಗಾಳಿಯಿರಲಿಲ್ಲವಲ್ಲ, ಹಗುರವೇ ಸರಿ ಎಂಬುದು ನನ್ನ ಲೆಕ್ಕ. ಅದರ ತಂತಿ ಸಣ್ಣದು ಎಂಬುದನ್ನು ನೋಡಲೇ ಇಲ್ಲ. ಅಪ್ಪ ಎರಡನ್ನೂ ಕಣ್ಣಿನ ಹತ್ತಿರಕ್ಕೆ ತಂದು, ಬೆರಳಲ್ಲಿ ಸವರಿ, ‘ಅಮ್ಮಣ್ಣಿದೇ ಆಗ್ಲಿ’ ಎಂದರು. ಪದ್ಮ ಜಗಳವಾಡಲಿಲ್ಲ. ಸುಮ್ಮನೆ ಎದ್ದು ಬುತ್ತಿ ಕಟ್ಟಿದಳು.

ಈಗ ಕ್ಯಾರಿಯರಿನ ತೊಂದರೆಯಿಲ್ಲ. ಬ್ರಹ್ಮಸಮುದ್ರದ ಕಡೆಯ ಬಸ್ಸಿನಲ್ಲಿ ಮೂವರೂ ಹೋಗಿ, ಇಳಿದು ಡ್ಯಾಮಿನವರೆಗೆ ನಡೆದೆವು. ಪದ್ಮ ಸ್ವಲ್ಪ ದೂರದ ನೆರಳಿನಲ್ಲಿ ಬುತ್ತಿ ಇಳಿಸಿದಳು. ಅಪ್ಪ ನನ್ನ ಕಡೆ ತಿರುಗಿ, ‘ಅಮ್ಮಣ್ಣಿ, ಆ ಬಂಡೆ ಹಿಂದೆ ನೀರುಕಾಗೆ ಕೂತವೆ, ನೋಡ್ಬಾ’ ಎಂದರು.

ನನ್ನ ತಲೆಗೂದಲು ನೆರೆಯುತ್ತಿದ್ದ ವಯಸ್ಸು ಅದು. ಆದರೂ ನನಗೆ ಮತ್ತೆ ಅದೇ ಗೀಜಗನ ಗೂಡು. ಹೋದೆ. ಬಂಡೆಯ ಹಿಂದೆ ನೀರುಕಾಗೆಗಳೇನೋ ಇದ್ದವು. ಬೇಕೆಂದೇ ನಿಧಾನ ಮಾಡಿ ಹಿಂದಿರುಗಿದೆ. ನೋಡಿದರೆ ದಾರದ ತುದಿಯಲ್ಲಿ ನಾನು ಆರಿಸಿದ ಗಾಳವೇ ಇತ್ತು. ಅಪ್ಪನ ಇನ್ನೊಂದು ಕೈಯಲ್ಲಿ ಪದ್ಮನ ಗಾಳ, ಬಾಯಲ್ಲಿ ಇನ್ನೊಂದು ತುಂಡು ನೈಲಾನ್ ದಾರ. ಅದರ ತುದಿ ಎಂಜಲಿನಿಂದ ಒದ್ದೆಯಾಗಿ ಸಿಬಿರೆದ್ದಿತ್ತು. ಗಾಳದ ಕಣ್ಣಿಗೆ ದಾರ ಪೋಣಿಸಲು ಅವರು ಪ್ರಯತ್ನಿಸಿದ್ದರು, ಆಗಿರಲಿಲ್ಲ. ನನ್ನ ಹೆಜ್ಜೆಯ ಸಪ್ಪಳಕ್ಕೆ ಎರಡನ್ನೂ ಜೇಬಿಗೆ ತುರುಕಿ, ‘ಎಸಿಯಮ್ಮ’ ಎಂದರು.

ಎಸೆದೆ. ಮೊದಲ ಕೆಲವು ಸಲ ಬರಿಯ ನೀರು. ಆಮೇಲೆ ಒಂದು ಸಲ ದಾರ ನಿಂತಿತು. ಕಲ್ಲಿಗೆ ಸಿಕ್ಕಿತೆಂದುಕೊಂಡೆ. ಆ ಕಲ್ಲು ನಡೆಯತೊಡಗಿತು.

‘ಬುಡು, ದಾರ ಬುಡು! ಎಳೀಬ್ಯಾಡ!’ ಅಪ್ಪ ಕೂಗಿದರು. ನನಗೆ ಎಲ್ಲಿಯ ಬಿಡುವುದು! ಜನ್ಮದ ಆಸೆಯನ್ನೆಲ್ಲ ಸೇರಿಸಿ ಎಳೆದೆ. ದಾರ ಬೆರಳನ್ನು ಕೊಯ್ದಿತು. ನೀರಿನಲ್ಲಿ ಬೆಳ್ಳಿಯ ಹಲಗೆಯಂಥದ್ದೊಂದು ಹೊರಳಿ ಮಿಂಚಿತು. ಅಷ್ಟೇ, ದಾರ ಸಡಿಲಾಯಿತು. ಎಳೆದುಕೊಂಡೆ. ಹುಳು ಇಲ್ಲ, ಮೀನು ಇಲ್ಲ. ಸೀಸದ ತಲೆಯ ಹಿಂದೆ ಗಾಳ ನೆಟ್ಟಗೆ ಮಲಗಿತ್ತು.

ಅಪ್ಪ ಅದರ ಮೇಲೆ ಬೆರಳಾಡಿಸಿದರು. ನಾನು ಕಾದೆ, ಪೋನೀಲೆಗೆ.

‘ಥೂ! ಏನೇ ಇದು? ಗಾಳಾನಾ, ಹೂ ಕಟ್ಟೋ ಸೂಜೀನಾ? ಬಾಳೆಮೀನಿಗೆ ಇಂಥಾ ತಂತಿ ಎತ್ಕಂಡ್ ಬಂದ್ಬುಟ್ಟವ್ಳಲ್ಲ, ಮಹಾರಾಣಿ! ಬುಡು ಬುಡು ಅಂತ ಬಡ್ಕಂಡ್ರೆ ಕಿವೀಗ್ ಹತ್ತಿ ಮಡಿಕ್ಕೊಂಡಿದ್ಯಾ? ಅದೇನ್ ನಿನ್ ಇಸ್ಕೂಲ್ ಐಕ್ಳಾ, ಬಾ ಅಂದ್ರೆ ಕೈಕಟ್ಕಂಡ್ ಬರಾಕೆ? ಕತ್ತೆ! ಇಷ್ಟ್ ವರ್ಸಾ ಆಯ್ತು, ಒಂದು ಗಾಳ ಆರ್ಸಾಕ್ ಬರಾಕಿಲ್ಲ ನಿಂಗೆ!’

ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ನನ್ನ ಬಾಯಿಂದ ಮಾತು ತಾನಾಗಿ ಹೊರಟಿತು.

‘ನೀವೇ ತಾನೆ ಅಮ್ಮಣ್ಣಿದೇ ಆಗ್ಲಿ ಅಂದಿದ್ದು!’

‘ಅಂದೆ! ನಂಗ್ ಕಣ್ ಕಾಣಾಕಿಲ್ಲ! ನಿಂಗೂ ಕಾಣಾಕಿಲ್ವಾ?’

ಕಣ್ಣಿಗೆ ಪೊರೆ ಬಂದ ಸಂಗತಿಯನ್ನು ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಆಪರೇಷನ್ನಿಗೆ ಓಡಾಡಿದ್ದೆಲ್ಲ ಆಮೇಲಿನ ಮಾತು. ಆ ಕ್ಷಣ ನನಗೆ ಅವರ ಕಣ್ಣಿನ ಚಿಂತೆಗಿಂತ ಮೊದಲು ಬಂದದ್ದು ಸಂತೋಷ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಸಂತೋಷ. ಬಸ್ಸಿನಲ್ಲಿ ಕಲ್ಯಾಣದುರ್ಗ ಸೇರುವವರೆಗೂ ಅಪ್ಪ ಗೊಣಗಿದರು. ನಾನು ಪ್ರತಿ ಗೊಣಗಾಟಕ್ಕೂ ಉತ್ತರ ಕೊಟ್ಟೆ. ಕಂಡಕ್ಟರು, ‘ಏಮಿ ತಾತಾ, ಕೂತುರಿನಿ ವದಿಲೆಯ್ಯಿ’ ಎಂದ, ಮಗಳನ್ನು ಬಿಟ್ಟುಬಿಡಿ ಎಂದು. ಮಧ್ಯೆ ಬರಬೇಡ ಎಂದು ಅವನಿಗೆ ಹೇಳಬೇಕೆನಿಸಿತು.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು. ಒಳಗೆ ಹೋದೆ. ಪದ್ಮ ಬೆನ್ನು ತಿರುಗಿಸಿಯೇ ಮಾತಾಡಿದಳು.

‘ಏನ್ ನಗ್ತೀಯಕ್ಕಾ? ಬೈಸ್ಕೊಂಡ್ ಬಂದು ಪ್ರೈಜ್ ಬಂದಂಗ್ ಆಡ್ತೀಯಲ್ಲ.’

‘ನಿಂಗೇನ್ ಗೊತ್ತು? ನಿನಗೆ ಬಂದಾಗೆಲ್ಲಾ ಬಯ್ತಾರೆ.’

ಅವಳು ತಿರುಗಿದಳು. ಕಣ್ಣು ಕೆಂಪಾಗಿತ್ತು. ‘ಬಂದಾಗೆಲ್ಲಾನಾ? ನಾನು ಈ ಮನೆ ಸೇರಿದ್ಮ್ಯಾಗೆ ಅಪ್ಪ ಒಂದ್ ಮಾತು ಗಟ್ಟಿಯಾಗಿ ಆಡಿಲ್ಲ ಕಣಕ್ಕಾ. ಅಳಿಯನ ಮನೆ ಅಂತ ಕುರ್ಚಿ ತುದೀಲಿ ಕುಂತ್ಕೊತಾರೆ. ಆಗ್ಲಿ ಕಣಮ್ಮ, ಸರಿ ಕಣಮ್ಮ. ಡ್ಯಾಮಿನ ತಾವೂ ಅಷ್ಟೇ. ಕೊಟ್ಟ ಮಗಳು, ಏನಂದ್ರೆ ಏನೋ ಅಂತ. ಬೇಕೂ ಅಂತಾನೇ ತಪ್ ಗಾಳ ಹಾಕಿ ನೋಡಿವ್ನಿ. ಎಷ್ಟ್ ಸಲ! ರಬ್ಬರ್ ಹುಳ ಕಳ್ದು ನೋಡಿವ್ನಿ. ಪೋನೀಲೆ ಅಂತಾರೆ. ಇವತ್ತು ನಿನ್ನ ಕತ್ತೆ ಅಂದ್ರಲ್ಲ, ನನ್ ಹೊಟ್ಟೆ ಒಳಗೆ...’ ಎಂದು ನಿಲ್ಲಿಸಿ ಸೌಟನ್ನು ಕುಕ್ಕಿದಳು.

ನಾನು ಅಲ್ಲೇ ನಿಂತೆ. ಯಾವುದಕ್ಕಾಗಿ ನಾನು ಅಷ್ಟು ವರ್ಷ ಹೊಟ್ಟೆ ಉರಿದುಕೊಂಡೆನೋ ಅದು ಅವಳ ಕೈಯಲ್ಲೂ ಇರಲಿಲ್ಲ. ಬಾಯಲ್ಲಿ ಮಾತ್ರ, ‘ಐ ಆಮ್ ಸಾರಿ, ಪದ್ಮಾ’ ಎಂದೆ, ತುಂಬಾ ಸೌಜನ್ಯದಿಂದ. ಅವಳೂ, ‘ಇರ್ಲಿ ಬುಡಕ್ಕಾ’ ಎಂದಳು. ಅಪ್ಪ ಆಮೇಲೆ ಕೆಲವು ವರ್ಷವಿದ್ದು ತೀರಿಕೊಂಡರು. ಅಲ್ಲಿಂದ ಇಲ್ಲಿಯವರೆಗೆ ನಾವಿಬ್ಬರೂ ಹಾಗೆಯೇ ಇದ್ದೇವೆ. ಹಬ್ಬಕ್ಕೆ ಸೀರೆ, ಫೋನಿನಲ್ಲಿ ಯೋಗಕ್ಷೇಮ, ಊಟಕ್ಕೆ ಕೂತರೆ ‘ವೆರಿ ನೈಸ್, ಪದ್ಮಾ.’ ಒಬ್ಬರಿಗೊಬ್ಬರು ಎಂದೂ ಎದುರಾಡಿಲ್ಲ. ಕಂಡವರೆಲ್ಲ, ಅಕ್ಕತಂಗಿಯರೆಂದರೆ ಹೀಗಿರಬೇಕು ಎನ್ನುತ್ತಾರೆ.

ಮೊನ್ನೆ ಕೊನೆಗೂ ಬಸ್ಸು ಸಿಕ್ಕಿತು, ಕಲ್ಯಾಣದುರ್ಗ ಸೇರಿದೆ. ಪದ್ಮ ಕಾಫಿಗೆ ಹಾಲಿಟ್ಟು ಬಂದು, ಮಂಚದ ಮೇಲೆ ಪೇಪರು ಹಾಸಿ ಹೊಸ ಗಾಳಗಳನ್ನು ಹರಡಿದಳು. ಈಗ ಎಲ್ಲ ಅಂಗಡಿಯಲ್ಲೇ ಸಿಗುತ್ತದೆ, ಸೀಸದ ತಲೆಗೆ ಬಣ್ಣ, ಕಣ್ಣು ಕೂಡ ಬರೆದಿರುತ್ತಾರೆ. ಡ್ಯಾಮಿಗೆ ನೀರು ಬಂದಿದೆ, ನಾಳೆ ಹೋಗೋಣ ಎಂದಳು. ಹೆಬ್ಬೆರಳು ಗಾತ್ರದ ರಬ್ಬರಿನ ಕಪ್ಪೆಯೊಂದನ್ನು ತೆಗೆದು, ಅದಕ್ಕೆ ಕಿರಿದಾದ ಬಾಯಿಯ ಸಣ್ಣ ಗಾಳವೊಂದನ್ನು ಚುಚ್ಚತೊಡಗಿದಳು. ಗಾಳದ ಬಾಯಿಯೆಲ್ಲ ರಬ್ಬರಿನಲ್ಲೇ ತುಂಬಿಹೋಯಿತು. ಮೀನಿನ ದವಡೆಗೆ ತಾಗಲು ಮೊನೆಯೇ ಉಳಿಯಲಿಲ್ಲ. ಬೇಕೆಂದೇ ಮಾಡಿದಳೋ, ವಯಸ್ಸಾದ ಕೈ ತಪ್ಪಿತೋ, ನನಗೆ ತಿಳಿಯದು. ಅವಳು ತಲೆ ಎತ್ತಲಿಲ್ಲ. ಚೆನ್ನಾಗಿದೆ ಕಣೇ ಎನ್ನಲು ನನ್ನ ನಾಲಗೆ ಅಭ್ಯಾಸಬಲದಿಂದ ಸಿದ್ಧವಾಗಿತ್ತು.

‘ಲೇ ಪದ್ದಿ, ಬುದ್ಧಿ ಎಲ್ಲಿ ಒತ್ತೆ ಇಟ್ಟಿದ್ದೀಯೇ?’ ಎಂದುಬಿಟ್ಟೆ. ‘ಅಷ್ಟು ದಪ್ಪ ಕಪ್ಪೆಗೆ ಆ ಸೊಳ್ಳೆ ಗಾಳಾನಾ? ಮೀನು ಕಚ್ಚಿ, ರುಚಿ ನೋಡಿ, ನಿನಗೆ ನಮಸ್ಕಾರ ಹೇಳಿ ಹೋಗುತ್ತೆ! ಈಡಿಯಟ್! ತೆಗಿ ಅದನ್ನ!’

ಅವಳ ಕೈ ನಿಂತಿತು. ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು.

‘ಯಾಕ್ ತೆಗೀಬೇಕು? ಸೂಜಿಯಂಗಿರೋ ಗಾಳದಾಗೆ ಬಾಳೆಮೀನು ಕಳ್ದೋಳು ನೀನು, ನಂಗೇಳಾಕ್ ಬಂದ್ಬುಟ್ಟೆ!’

‘ನಾನು ಆರಿಸಿದ್ದು ಗಾಳಿ ನೋಡಿ. ನಿನಗೆ ಕಣ್ಣೇ ಇಲ್ಲ!’

‘ಗಾಳಿ ನೋಡಿದ್ಲಂತೆ ಗಾಳಿ! ಪ್ಯಾಕೆಟ್ ಓದ್ಕಂಡು...’

ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಸುರಿಯುವ ಸದ್ದಾಯಿತು. ಸುಟ್ಟ ಹಾಲಿನ ವಾಸನೆ ಹಜಾರಕ್ಕೆ ಬಂತು. ಇಬ್ಬರೂ ಏಳಲಿಲ್ಲ.